ಕಟ ಕಟ ಹಾರ್ಡ್‌ಡಿಸ್ಕು, 6 ಸಾವಿರ ಬಜೆಟ್ಟು

ಪ್ರಶ್ನೆ: ಸರ್, ನಮ್ಮ ಮನೆ ಕಟಪಾಡಿಯಲ್ಲಿ. ನನ್ನ ಪಿಸಿ 2015ರದ್ದು, ಪಿಯುಸಿ ಮುಗಿದಾಗ ಅಪ್ಪ ತೆಗೆಸಿಕೊಟ್ಟದ್ದು. ಐ5 4460 ಪ್ರೊಸೆಸರ್, ಎಚ್81 ಬೋರ್ಡ್, ರ‍್ಯಾಮ್ ಆಮೇಲೆ 16 ಜಿಬಿ ಮಾಡಿಸಿದ್ದೇನೆ, ಜಿಟಿಎಕ್ಸ್ 1050 ಟಿಐ ಕಾರ್ಡ್ ಸೆಕೆಂಡ್ ಹ್ಯಾಂಡ್ ಹಾಕಿದ್ದು. ಡಿಸ್ಕ್ ಮಾತ್ರ ಅದೇ ಹಳೇ 1 ಟಿಬಿ. ಜಿಟಿಎ 5 ಲೋಡ್ ಆಗುವಷ್ಟರಲ್ಲಿ ಚಾ ಮಾಡಿ ಕುಡಿದು ಲೋಟ ತೊಳೆದಿಟ್ಟು ಬರಬಹುದು, ಆಟದ ನಡುವೆ ಕಾರು ಜೋರು ಬಿಟ್ರೆ ಮುಂದೆ ರಸ್ತೆಯೇ ಇರುದಿಲ್ಲ, ಎರಡು ಸೆಕೆಂಡ್ ಬಿಟ್ಟು ಬರ್ತದೆ. ಈಗ ಒಂದು ತಿಂಗಳಿಂದ ಡಿಸ್ಕಿಂದ ಕಟ ಕಟ ಸದ್ದು ಬೇರೆ. ಅಂಗಡಿಯವ್ರು ಎನ್‌ವಿಎಂಇ ಅಂತ ಫಾಸ್ಟ್ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) ಹಾಕಿಸಿ, ಅಡಾಪ್ಟರ್ ಕಾರ್ಡಲ್ಲಿ ಕೂರ್ತದೆ, ಏಳು ಪಟ್ಟು ಸ್ಪೀಡ್ ಅಂತಾರೆ. ಬಜೆಟ್ 6 ಸಾವಿರ. ಡಿ ಡ್ರೈವಲ್ಲಿ ಅಪ್ಪನ ಯಕ್ಷಗಾನದ ವಿಡಿಯೋ 400 ಜಿಬಿ ಉಂಟು, ಅದು ಹೋದ್ರೆ ನನ್ನನ್ನು ಮನೆಗೆ ಸೇರ್ಸುದಿಲ್ಲ. ಎಂತ ಮಾಡುದು?

ಉತ್ತರ: ಮಾರಾಯ್ರೆ, ನೀವು ಕೊನೇಲಿ ಬರೆದದ್ದನ್ನು ಮೊದ್ಲು ಬರೀಬೇಕಿತ್ತು. ಅಪ್ಪನ ಯಕ್ಷಗಾನವನ್ನು ಈ ವಾರವೇ ಬೇರೆ ಕಡೆ ಕಾಪಿ ಮಾಡಿ, ಭಾವನ ಎಕ್ಸ್‌ಟರ್ನಲ್ ಡಿಸ್ಕೋ ಫ್ರೆಂಡಿದ್ದೋ ಎರಡು ದಿನಕ್ಕೆ ಕೇಳಿ ತನ್ನಿ. ಆಟದ ವಿಷಯ ಆಮೇಲೆ ನೋಡುವ.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಹಾಕಿ ತೆರೆಯಿರಿ. ಅದ್ರಲ್ಲಿ ಮೂರು ಸಾಲು ನೋಡಿದ್ರೆ ಸಾಕು. ರೀಅಲೊಕೇಟೆಡ್ ಸೆಕ್ಟರ್ ಅನ್ನುದು ಡಿಸ್ಕ್ ಈಗಾಗ್ಲೇ ಕೈಬಿಟ್ಟ ಜಾಗ, ಕರೆಂಟ್ ಪೆಂಡಿಂಗ್ ಅನ್ನುದು ಓದ್ಲಿಕ್ಕೆ ಒದ್ದಾಡ್ತಾ ಇರುವ ಜಾಗ, ಇವೆರಡ್ರ ರಾ ವ್ಯಾಲ್ಯೂ ಸೊನ್ನೆ ಇರ್ಬೇಕು. ಪೆಂಡಿಂಗ್ ಏರ್ತಾ ಉಂಟು ಅಂದ್ರೆ ಡಿಫ್ರಾಗ್, ಚೆಕ್‌ಡಿಸ್ಕ್ ಅಂತೆಲ್ಲ ಅದ್ರ ಜೀವ ತೆಗೀಬೇಡಿ, ಇದ್ದಷ್ಟು ಕಾಪಿ ಮಾಡಿ ರಿಟೈರ್ ಮಾಡಿ. ಮೂರನೇದು ಅಲ್ಟ್ರಾ ಡಿಎಂಎ ಸಿಆರ್‌ಸಿ ಎರರ್, ಅಂದ್ರೆ ಡೇಟಾ ದಾರಿಯಲ್ಲಿ ಎಷ್ಟು ಸಲ ಕೆಟ್ಟಿತು ಅನ್ನುವ ಲೆಕ್ಕ. ಇದೊಂದೇ ಜಾಸ್ತಿ ಇದ್ದು ಉಳಿದೆರಡು ಸೊನ್ನೆ ಇದ್ರೆ ಡಿಸ್ಕ್ ಸರಿಯೇ ಇರಬಹುದು, ತೊಂದ್ರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ದು. ನಮ್ಮ ಕಡಲ ಕರೆಯ ಉಪ್ಪು ಗಾಳಿಗೆ ಎಂತ ಲೋಹ ಉಳೀತದೆ ಹೇಳಿ? ನಂದೇ ಪಿಸಿಯ ಒಂದು ಕೇಬಲ್ ತೆಗೆದು ಟಾರ್ಚ್ ಹಾಕಿ ನೋಡಿದ್ರೆ ಒಳಗಿನ ಪಿನ್ ಮೇಲೆ ದೇವರ ಕೋಣೆಯ ಹಳೇ ದೀಪದ ಬುಡದಲ್ಲಿ ಇರ್ತದಲ್ಲ, ಅದೇ ಹಸಿರು ಕಿಲುಬು. ಕೇಬಲ್ ಬದಲಾಯಿಸಿದೆ, ಎರರ್ ಏರುದು ನಿಂತ್ತು. ಆದ್ರೆ ಆ ನಂಬ್ರ ಕೆಳಗೆ ಇಳಿಯುದಿಲ್ಲ ಆಯ್ತಾ, ಮತ್ತೆ ಏರ್ತದಾ ಅಂತ ಮಾತ್ರ ನೋಡುದು. ಆದ್ರೂ ನಿಮ್ಮದು ಕಟ ಕಟ ಸದ್ದು ಅಂತೀರಿ, ಒಂದೇ ತಾಳದಲ್ಲಿ ಬಡೀತಾ ಉಂಟಾದ್ರೆ ಅದು ಓದುವ ಹೆಡ್ ಜಾಗ ಸಿಗದೆ ಹಿಂದೆ ಮುಂದೆ ಹೋಗುದು, ನಂಗೆ ಅದ್ರ ಮೇಲೆ ನಂಬಿಕೆ ಇಲ್ಲ.

ಈಗ ಎನ್‌ವಿಎಂಇ. ಅಂಗಡಿಯವ್ರು ಹೇಳಿದ ಏಳು ಪಟ್ಟು ಪೂರ್ತಿ ಸುಳ್ಳಲ್ಲ, ಆರು ಪಟ್ಟು ಚಿಲ್ಲರೆ ಹೌದು, ಆ ಕೇಬಲಲ್ಲೇ ಕೂರುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ರ ನಿಲ್ತದೆ, ಜೆನ್ 3 ಎನ್‌ವಿಎಂಇ 3500ರವರೆಗೂ ಹೋಗ್ತದೆ. ಆದ್ರೆ ಅದು ನಿಮ್ಮ ಬೋರ್ಡಲ್ಲಿ ಅಲ್ಲ. ಉದ್ದದ ಸ್ಲಾಟಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂತಿದೆ, ಉಳಿದದ್ದು ಆ ಗಿಡ್ಡ ಎಕ್ಸ್1 ಸ್ಲಾಟ್, ಎಚ್81ರಲ್ಲಿ ಅದು ಪಿಸಿಐಇ 2.0 ಅನ್ನುವ ಹಳೇ ತಲೆಮಾರಿನದ್ದು, ಅದ್ರ ತಾಕತ್ತೇ ಸೆಕೆಂಡಿಗೆ 500 ಎಂಬಿ. ಅಂದ್ರೆ ಜಾಸ್ತಿ ದುಡ್ಡು ಕೊಟ್ಟು, ಅಡಾಪ್ಟರಿಗೆ ಬೇರೆ ಕೊಟ್ಟು, ಸಾಟಾಕ್ಕಿಂತ ಒಂದು ಕೂದ್ಲು ಕಮ್ಮಿ ಸ್ಪೀಡ್. ಮೇಲಿಂದ ಆ ಕಾಲದ ಬಯಾಸ್ (ಪಿಸಿ ಆನ್ ಮಾಡಿದ ಕೂಡ್ಲೇ ಓಡುವ ಬೋರ್ಡಿನ ಪ್ರೋಗ್ರಾಂ) ಹೆಚ್ಚಿನವು ಎನ್‌ವಿಎಂಇಯಿಂದ ಬೂಟ್ ಆಗುದಿಲ್ಲ. ಬಸ್ಸು ವೋಲ್ವೋ ಆದ್ರೆ ಎಂತ, ರಸ್ತೆ ಗದ್ದೆ ಬದಿಯ ಕಟ್ಟಪುಣಿ ಅಲ್ವಾ.

ಇನ್ನೊಂದು, ಆಟಕ್ಕೆ ಬೇಕಾದ್ದು ಆ ದೊಡ್ಡ ನಂಬ್ರ ಅಲ್ಲವೇ ಅಲ್ಲ. ನಿಮ್ಮ ಹಾರ್ಡ್‌ಡಿಸ್ಕ್ 7200 ಆರ್‌ಪಿಎಂ ಅಂತಿಟ್ಕೊಳ್ಳಿ, ಸೆಕೆಂಡಿಗೆ 120 ಸುತ್ತು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರ್ಲಿಕ್ಕೆ ಸರಾಸರಿ ಅರ್ಧ ಸುತ್ತು ಕಾಯ್ಬೇಕು, ಅದು 4 ಮಿಲಿಸೆಕೆಂಡ್ ಚಿಲ್ಲರೆ, ಹೆಡ್ ಸರಿದು ಬರ್ಲಿಕ್ಕೆ ಇನ್ನೊಂದು 8-9, ಒಟ್ಟು ಒಂದು ಸಣ್ಣ ತುಂಡು ತರ್ಲಿಕ್ಕೆ 12-13 ಮಿಲಿಸೆಕೆಂಡ್. ಸೆಕೆಂಡಿಗೆ ಎಂಬತ್ತು ತುಂಡು ತಂದ್ರೆ ಅದ್ರ ಕತೆ ಮುಗೀತು. ದೇವಸ್ಥಾನದ ಊಟಕ್ಕೆ ಕೂತಾಗ ನೋಡಿ, ಒಬ್ರೇ ಸಾರಿನ ಬಕೆಟ್ ಹಿಡ್ಕೊಂಡು ಪಂಕ್ತಿಯ ಆ ತುದಿಯಿಂದ ಈ ತುದಿಗೆ ಸರ ಸರ ಬಡಿಸ್ತಾ ಹೋಗ್ತಾರೆ, ಇನ್ನೂರು ಎಲೆ ಆದ್ರೂ ಸುಸ್ತಿಲ್ಲ. ಅವ್ರನ್ನೇ ನಿಲ್ಲಿಸಿ ಈ ಎಲೆಗೆ ಉಪ್ಪಿನಕಾಯಿ, ಆ ಕೊನೆಯವ್ರಿಗೆ ಪಾಯಸ, ನಡುವಿನವ್ರಿಗೆ ನೀರು ಅಂದ್ರೆ ಊಟ ಸಂಜೆ ಆಗ್ತದೆ. ಅಪ್ಪನ ರಾತ್ರಿಯಿಡೀ ಯಕ್ಷಗಾನದ ವಿಡಿಯೋ ಮೊದ್ಲನೇದು, ಸಾಲಾಗಿ ಓದ್ಕೊಂಡು ಹೋಗುದು, ಅದಕ್ಕೆ ಹಾರ್ಡ್‌ಡಿಸ್ಕ್ ಧಾರಾಳ ಸಾಕು. ನಿಮ್ಮ ಆಟ ಎರಡನೇದು, ಒಂದೊಂದು ಮನೆ, ಮರ, ಸದ್ದು ಎಲ್ಲ ಬೇರೆ ಬೇರೆ ಮೂಲೆಯಿಂದ ಬರ್ಬೇಕು, ಅದಕ್ಕೇ ರಸ್ತೆ ತಡ ಆಗುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಎಂತದ್ದೂ ಇಲ್ಲ, ಒಂದು ಮಿಲಿಸೆಕೆಂಡಿನ ಸಣ್ಣ ಪಾಲಲ್ಲಿ ಸಿಗ್ತದೆ. ಎಫ್‌ಪಿಎಸ್ (ಆಟ ಸೆಕೆಂಡಿಗೆ ತೋರಿಸುವ ಚಿತ್ರಗಳ ಲೆಕ್ಕ) ಮಾತ್ರ ಏರ್ತದೆ ಅಂತ ಆಸೆ ಇಟ್ಕೊಳ್ಬೇಡಿ, ಅದು 1050 ಟಿಐ ಕೊಟ್ಟಷ್ಟೇ.

ಹಾಗಾದ್ರೆ 6 ಸಾವಿರ ಹೇಗೆ ಹಂಚುದು? 2025ರ ಕೊನೆಯಿಂದ ಮೆಮರಿ ಚಿಪ್ಪಿನ ರೇಟ್ ಏರಿ ಕೂತಿದೆ, ನಾನಿಲ್ಲಿ ರೇಟ್ ಬರೆದ್ರೆ ಪತ್ರಿಕೆ ನಿಮ್ಮ ಕೈಗೆ ಬರುವಾಗ ಸುಳ್ಳಾಗ್ತದೆ, ಮಂಗಳೂರಿನ ಹಂಪನಕಟ್ಟೆಯಲ್ಲಿ ಮೂರು ಅಂಗಡಿ ಹತ್ತಿಳಿದು ಕೇಳಿ. ಹಾರ್ಡ್‌ಡಿಸ್ಕ್ ಚೆನ್ನಾಗಿದ್ರೆ ಇಡೀ ದುಡ್ಡು ಒಂದೇ ಸಾಟಾ ಎಸ್‌ಎಸ್‌ಡಿಗೆ ಹಾಕಿ, ಕನಿಷ್ಠ 500 ಜಿಬಿ. ವಿಂಡೋಸ್‌ನಲ್ಲಿ ಅದು 465 ಅಂತ ತೋರಿಸ್ತದೆ, ಅದು ಮೋಸ ಅಲ್ಲ, ಲೆಕ್ಕದ ರೀತಿ ಬೇರೆ. ಡಿಸ್ಕ್ ಹೋಗುವ ಹಾಗೆ ಇದ್ರೆ 240 ಜಿಬಿ ಎಸ್‌ಎಸ್‌ಡಿ ತಗೊಂಡು ವಿಂಡೋಸ್ ಮತ್ತೆ ಈಗ ಆಡ್ತಾ ಇರುವ ಒಂದು ಆಟ ಅದ್ರಲ್ಲಿ ಇಡಿ, ಉಳಿದ ದುಡ್ಡಿಗೆ ಯಕ್ಷಗಾನಕ್ಕೊಂದು ಹಾರ್ಡ್‌ಡಿಸ್ಕ್. ಕಮ್ಮಿ ಬಿದ್ರೆ ಅಪ್ಪನ ಹತ್ರ ಕೇಳಿ, ನ್ಯಾಯವಾಗಿ ಅದು ಅವರ ಖರ್ಚು.

ಎಸ್‌ಎಸ್‌ಡಿ ಆರಿಸುವಾಗ ಡಬ್ಬದ ಮೇಲಿನ 550 ನೋಡ್ಬೇಡಿ, ಎಲ್ರೂ ಅದನ್ನೇ ಬರೀತಾರೆ. ಟಿಎಲ್‌ಸಿಯಾ ಕ್ಯೂಎಲ್‌ಸಿಯಾ ಅಂತ ಕೇಳಿ, ಅಂದ್ರೆ ಚಿಪ್ಪಿನ ಒಂದೊಂದು ಕೋಶದಲ್ಲಿ ಮೂರು ಬಿಟ್ ತುಂಬಿಸುದಾ ನಾಲ್ಕಾ ಅಂತ. ಕ್ಯೂಎಲ್‌ಸಿಯಲ್ಲಿ ಮೊದಲ ಕೆಲವು ಜಿಬಿ ಓಡ್ತದೆ, ಕ್ಯಾಶ್ ಅನ್ನುವ ವೇಗದ ಸಣ್ಣ ಜಾಗ ತುಂಬಿದ ಮೇಲೆ ಉಸಿರು ಕಟ್ತದೆ, ಸ್ಯಾಮ್‌ಸಂಗ್ 870 ಕ್ಯೂವಿಒ 1 ಟಿಬಿ ಆಗ ಸೆಕೆಂಡಿಗೆ 80 ಎಂಬಿಗೆ ಇಳೀತದೆ ಅಂತ ಕಂಪನಿಯ ಕಾಗದದಲ್ಲೇ ಉಂಟು. 870 ಇವಿಒ ಟಿಎಲ್‌ಸಿ, ಒಳಗೆ ಯಾವ ಡೇಟಾ ಎಲ್ಲಿ ಅಂತ ಪಟ್ಟಿ ಇಟ್ಕೊಳ್ಳುವ ಡಿರ‍್ಯಾಮೂ ಉಂಟು, ಐದು ವರ್ಷ ವಾರಂಟಿ, 500 ಜಿಬಿಯದಕ್ಕೆ 300 ಟಿಬಿ ಬರೆಯುವಷ್ಟು ಗ್ಯಾರಂಟಿ, ದಿನಕ್ಕೆ 50 ಜಿಬಿ ಬರೆದ್ರೂ ಹದಿನಾರು ವರ್ಷ ಬೇಕು ಮುಗೀಲಿಕ್ಕೆ. ಅದು ಕೈಗೆ ಎಟಕದಿದ್ರೆ ಕಿಂಗ್‌ಸ್ಟನ್ ಎ400 ತರದ ಡಿರ‍್ಯಾಮ್ ಇಲ್ಲದ್ದಾದ್ರೂ ಪರ್ವಾಗಿಲ್ಲ, ಆಟ ಓದುವ ಕೆಲಸ, ಬರೆಯುವುದು ಕಮ್ಮಿ. ಪೂರ್ತಿ ತುಂಬಿಸ್ಬೇಡಿ ಅಷ್ಟೇ.

ಕೂರಿಸುವಾಗ ಒಂದು ನೋಡಿ, ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟಲ್ಲಿ ಎರಡೇ 6 ಜಿಬಿಪಿಎಸ್, ಉಳಿದೆರಡು ಅದ್ರ ಅರ್ಧ. ಬೋರ್ಡ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರ್ತದೆ, ಎಷ್ಟೋ ಕಡೆ ಡಿವಿಡಿ ರೈಟರ್ ಆ ಒಳ್ಳೆ ಪೋರ್ಟಲ್ಲಿ ರಾಜನ ಹಾಗೆ ಕೂತಿರ್ತದೆ. ಮತ್ತೆ ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಕಿತ್ತಿಡಿ, ದಯವಿಟ್ಟು. ನಾನು ಎರಡೂ ಇಟ್ಕೊಂಡೇ ಹಾಕಿದ್ದೆ, ಎಲ್ಲ ಸರಿ ನಡೀತು, ಎಂಟು ತಿಂಗ್ಳು ಬಿಟ್ಟು ಹಳೇ ಡಿಸ್ಕ್ ತೆಗೆದ್ರೆ ಪಿಸಿ ಏಳುದೇ ಇಲ್ಲ, ನೋಡಿದ್ರೆ ಬೂಟ್ ಫೈಲ್ ಪುಣ್ಯಾತ್ಮ ಹೋಗಿ ಹಳೇದ್ರಲ್ಲೇ ಕೂತಿದ್ದ. ಎಸ್‌ಎಸ್‌ಡಿ ಕೂರಿಸ್ಲಿಕ್ಕೆ ಕ್ಯಾಬಿನೆಟ್‌ನಲ್ಲಿ ಜಾಗ ಇಲ್ಲಾಂದ್ರೆ ಡಬಲ್ ಟೇಪ್ ಸಾಕು, ಅದು ಅಲುಗುವ ವಸ್ತು ಅಲ್ಲ.

ಈ ಪಿಸಿಗೆ ಇದಕ್ಕಿಂತ ಜಾಸ್ತಿ ಹಾಕ್ಬೇಡಿ. ವಿಂಡೋಸ್ 10ರ ಸಪೋರ್ಟ್ 2025 ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ರ ಪಟ್ಟಿಯಲ್ಲಿ ನಿಮ್ಮ ನಾಲ್ಕನೇ ಜನರೇಶನ್ ಪ್ರೊಸೆಸರ್ ಇಲ್ಲ. ಸಾಟಾ ಎಸ್‌ಎಸ್‌ಡಿ ಆದ್ರೆ ನಾಳೆ ಹೊಸ ಪಿಸಿಗೂ ಹೋಗ್ತದೆ, ಅದಕ್ಕೇ ಅದಕ್ಕೆ ದುಡ್ಡು ಹಾಕಿ ಅನ್ನುದು ನಾನು.

ಪ್ರಶ್ನೆ: ಆನ್‌ಲೈನಲ್ಲಿ 16 ಟಿಬಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ 1,500 ರೂಪಾಯಿಗೆ ಉಂಟು, ತಗೊಳ್ಳಬಹುದಾ? (ಸುರತ್ಕಲ್‌ನಿಂದ ಒಬ್ಬ ಓದುಗರು)

ಉತ್ತರ: ಬೇಡ. ಅಂಥ ಡಬ್ಬದೊಳಗೆ ಸಾಮಾನ್ಯ ಒಂದು ಮೆಮರಿ ಕಾರ್ಡ್ ಗಮ್ ಹಾಕಿ ಅಂಟಿಸಿರ್ತಾರೆ, 16 ಟಿಬಿ ಅಂತ ಸುಳ್ಳು ಹೇಳ್ಲಿಕ್ಕೆ ಕಲಿಸಿರ್ತಾರೆ. ತುಂಬಿದ ಮೇಲೆ ಹಳೇ ಫೈಲಿನ ಮೇಲೇ ಬರೀತದೆ, ಹೆಸರು ಕಾಣ್ತದೆ, ತೆರೆದ್ರೆ ಎಂತದ್ದೂ ಇಲ್ಲ. ಈಗಾಗ್ಲೇ ತಗೊಂಡಿದ್ರೆ ಡಿಸ್ಕಲ್ಲಿ ನಿಜವಾಗಿ ಎಷ್ಟು ಜಾಗ ಉಂಟು ಅಂತ ಬರೆದು ನೋಡುವ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಾಫ್ಟ್‌ವೇರ್ ಓಡಿಸಿ, ರಿಟರ್ನ್ ದಿನ ಮುಗಿಯುವ ಮೊದ್ಲು.

ಪ್ರಶ್ನೆ: ಸಿಡಿಲಿಗೆ ಎಸ್‌ಎಸ್‌ಡಿ ಹೋಗ್ತದಾ? ನಮ್ಮಲ್ಲಿ ಯುಪಿಎಸ್ ಉಂಟು. (ಬ್ರಹ್ಮಾವರದಿಂದ ಒಬ್ಬರು ಅಮ್ಮ, ಮಗನ ಪರವಾಗಿ)

ಉತ್ತರ: ಹೋಗ್ತದೆ ಅಮ್ಮ, ಎಸ್‌ಎಸ್‌ಡಿಯೂ ಹೋಗ್ತದೆ, ಬೋರ್ಡೂ ಹೋಗ್ತದೆ. ಯುಪಿಎಸ್ ಇರುದು ಕರೆಂಟ್ ಫಕ್ಕನೆ ಹೋದಾಗ ಪಿಸಿಯನ್ನು ಸರಿಯಾಗಿ ಆಫ್ ಮಾಡ್ಲಿಕ್ಕೆ, ಸಿಡಿಲು ತಡೀಲಿಕ್ಕೆ ಅಲ್ಲ. ಮೇ ತಿಂಗಳ ಸಂಜೆ ಮೋಡ ಕಟ್ಟಿದ ಕೂಡ್ಲೇ ಪ್ಲಗ್ಗನ್ನೇ ಕಿತ್ತಿಡ್ಲಿಕ್ಕೆ ಹೇಳಿ, ಜೊತೆಗೆ ಪಿಸಿ ಹಿಂದಿನ ಇಂಟರ್ನೆಟ್ ವಯರೂ. ಫೈಬರ್ ಅಲ್ವಾ ಅಂತ ಮಗ ವಾದ ಮಾಡ್ತಾನೆ. ಫೈಬರ್ ನಿಲ್ಲುದು ರೂಟರ್‌ವರೆಗೆ, ಅಲ್ಲಿಂದ ಪಿಸಿಗೆ ಬರುದು ತಾಮ್ರದ ವಯರು, ರೂಟರಿಗೆ ಕರೆಂಟು ಅದೇ ಗೋಡೆಯಿಂದ.