ಪ್ರಾರ್ಥನೆ ಮಾಡುತ್ತೇನೆ, ಆದರೂ ಯಾತಕ್ಕೆ ಬದುಕುತ್ತಿದ್ದೇನೆ ಎಂದೇ ತಿಳಿಯುತ್ತಿಲ್ಲ. ಯೇಸುವಿನಲ್ಲಿ ನಿಜಕ್ಕೂ ಯಾರಿಗಾದರೂ ಉದ್ದೇಶ ಸಿಕ್ಕಿದೆಯಾ?

ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಓದಿದೆ, ಬೆಳಗ್ಗೆ ಎದ್ದು ಮತ್ತೆ ಓದಿದೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬೆಳೆದವರು, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ವೈಟ್‌ಫೀಲ್ಡ್ ಕಡೆ ಕೆಲಸ, ತಲೆ ಮೇಲೆ ಸಾಲ, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ಅಲಾರಾಂ ಹೊಡೆದ ಕೂಡಲೇ ಎದೆ ಭಾರವಾಗುತ್ತದೆ ಎಂದು ಬರೆದಿದ್ದೀರಿ. ಆ ಮಾತು ನನಗೆ ಚೆನ್ನಾಗಿ ಗೊತ್ತು. ನೀವು ಕೇಳಿದ್ದಕ್ಕೆ ನನ್ನ ಉತ್ತರ: ಹೌದು, ನನಗೆ ಸಿಕ್ಕಿದೆ. ಆದರೆ ಅದು ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಸಂಬಳದ ಪಟ್ಟಿಯಲ್ಲಿ ಸಿಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಾನು ಅಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹಾಜರಿ, ಓಟಿ, ಪಿಎಫ್, ಇಎಸ್‌ಐ, ಇದೇ ನನ್ನ ಕೆಲಸ. ನಮ್ಮ ಮನೆಯವರು ಚಿಕ್ಕಪೇಟೆಯಲ್ಲಿ ಮದುವೆ ಕಾರ್ಡ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದರು. 2020ರಲ್ಲಿ ಲಾಕ್‌ಡೌನ್ ಬಂತು, ಮದುವೆಗಳೇ ನಿಂತವು, ಪ್ರೆಸ್ಸೂ ನಿಂತಿತು. ದಾಸರಹಳ್ಳಿಯ ಮನೆಗೆ ಸಾಲ ತೆಗೆದು ಆಗಿನ್ನೂ ಎರಡು ವರ್ಷ. ಮಗಳು ಎಸ್ಸೆಸ್ಸೆಲ್ಸಿ. ಅತ್ತೆಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗುತ್ತಾ ಬಂದಿತ್ತು. ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ತಲೆಯಲ್ಲಿ ಕೂಡೋದು ಕಳೆಯೋದು ಶುರು. ಇಎಂಐ ಇಷ್ಟು, ಇನ್ಸುಲಿನ್ ಇಷ್ಟು, ಫೀಸು ಇಷ್ಟು, ಕೈಯಲ್ಲಿರುವುದು ಇಷ್ಟು. ಒಂದು ದಿನ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿದೆ, ಹೃದಯಕ್ಕೇನೂ ಆಗಿಲ್ಲ, ಇದು ಗಾಬರಿ, ಮನಸ್ಸಿನ ವೈದ್ಯರನ್ನು ಕಾಣಿ ಎಂದರು. ಕಂಡೆ. ಆರು ತಿಂಗಳು ಮಾತ್ರೆ ತೆಗೆದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಇದನ್ನು ಮುಚ್ಚಿಟ್ಟೇ ಎಷ್ಟೋ ಜನ ಒಳಗೊಳಗೆ ಸವೆಯುತ್ತಿದ್ದಾರೆ.

ಆ ದಿನಗಳಲ್ಲಿ ಒಂದು ಪ್ರಾರ್ಥನಾ ಕೂಟದಲ್ಲಿ ಕಷ್ಟ ಹೇಳಿಕೊಂಡೆ. ನಮ್ಮ ಸಭೆಯದಲ್ಲ, ಪರಿಚಯದವರ ಮನೆಯದು. ಅಲ್ಲಿದ್ದ ಹಿರಿಯರೊಬ್ಬರು, "ನಿಮ್ಮ ನಂಬಿಕೆಯಲ್ಲೇ ಕೊರತೆ ಇದೆ ಸಿಸ್ಟರ್, ನಂಬಿದವರಿಗೆ ಚಿಂತೆ ಬರಲ್ಲ" ಎಂದರು. ವಿಶೇಷ ಕಾಣಿಕೆ ಕೊಟ್ಟರೆ ಸಾಲ ಕರಗುತ್ತದೆ ಎಂದೂ ಸೇರಿಸಿದರು. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಸಾಲಕ್ಕೆ ಅಳುತ್ತಿದ್ದವಳು ಅವತ್ತು ನನ್ನ ನಂಬಿಕೆಯ ಮೇಲೇ ಅನುಮಾನಪಟ್ಟು ಅತ್ತುಕೊಂಡೆ. ನಿಮಗೂ ಯಾರಾದರೂ ಹೀಗೆ ಹೇಳಿದ್ದರೆ ದಯವಿಟ್ಟು ನಂಬಬೇಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮನೋವ್ಯಥೆಯಿಂದ ನೆಲದ ಮೇಲೆ ಬಿದ್ದು ಪ್ರಾರ್ಥಿಸಿದ. ಅವನ ಬೆವರು ರಕ್ತದ ಹನಿಗಳಂತೆ ಇತ್ತು ಎಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ನಂಬಿಕೆ ಕಡಿಮೆ ಇತ್ತು ಎನ್ನುವ ಧೈರ್ಯ ಯಾರಿಗಿದೆ?

ನನಗೆ ದಾರಿ ಕಂಡದ್ದು ಅತ್ತೆಯಿಂದ. ತುಮಕೂರು ಕಡೆಯ ಹಳ್ಳಿಯವರು, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಕಣ್ಣು ಕಾಣದಾದ ಮೇಲೆ ರಾತ್ರಿ ಊಟವಾದ ನಂತರ ಸತ್ಯವೇದದ (ಬೈಬಲಿನ) ಒಂದು ಅಧ್ಯಾಯ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಮನಸ್ಸಿದ್ದು ಓದುತ್ತಿರಲಿಲ್ಲ, ಬಾಯಿ ಓದುತ್ತಿತ್ತು, ತಲೆಯಲ್ಲಿ ಲೆಕ್ಕ ನಡೆಯುತ್ತಿತ್ತು. ಹೀಗೇ ಒಂದು ರಾತ್ರಿ ಒಂದನೆಯ ಅರಸುಗಳು 19ನೇ ಅಧ್ಯಾಯ ಬಂತು. ಪ್ರವಾದಿ ಎಲೀಯ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿದ್ದಾನೆ. ಅದರ ಹಿಂದಿನ ಅಧ್ಯಾಯದಲ್ಲಷ್ಟೇ ಆಕಾಶದಿಂದ ಬೆಂಕಿ ಇಳಿಸಿದವನು, ಈಗ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡು ಮಲಗಿಬಿಡುತ್ತಾನೆ. ದೇವದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ಉಣಿಸುತ್ತಾನೆ.

ಅತ್ತೆ ಕೈ ಎತ್ತಿ ನಿಲ್ಲಿಸಿದರು. "ಅಲ್ಲೇ ನಿಲ್ಲಿಸು ಮಗ. ನೋಡ್ದಾ, ಬೈಲಿಲ್ಲ ಅವನ್ನ. ಯಾಕೋ ಓಡ್ಬಂದೆ ಅಂತ ಕೇಳ್ಲಿಲ್ಲ. ಮೊದ್ಲು ಉಣ್ಣು ಅಂದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಉಂಡ್ಯಾ?" ಎಂದರು.

ನಾನು ಉಂಡಿರಲಿಲ್ಲ. ಸಾರು ಎಲ್ಲರಿಗೂ ಬಡಿಸಿ, ಹಸಿವಿಲ್ಲ ಎಂದು ಎದ್ದು ಬಂದಿದ್ದೆ. ಕಣ್ಣು ಕಾಣದವರಿಗೆ ಅದು ಹೇಗೆ ತಿಳಿಯಿತೋ. ಅವತ್ತು ಅವರ ಮಂಚದ ಪಕ್ಕದಲ್ಲೇ ಕೂತು ಮುದ್ದೆ ಉಂಡೆ, ಅಲ್ಲೇ ನೆಲದ ಮೇಲೆ ಚಾಪೆ ಹಾಕಿ ಮಲಗಿದೆ.

ಆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ, ನಿಮ್ಮ ಪ್ರಶ್ನೆಗೆ ಸೇರಿದ್ದು ಮುಂದೆಯೇ ಇದೆ. ಎಲೀಯ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರುತ್ತಾನೆ. ಬಿರುಗಾಳಿ ಬೀಸುತ್ತದೆ, ಭೂಮಿ ನಡುಗುತ್ತದೆ, ಬೆಂಕಿ ಬರುತ್ತದೆ, ಯಾವುದರಲ್ಲೂ ದೇವರಿಲ್ಲ. ಆಮೇಲೆ ಒಂದು ಮೆಲುದನಿ, ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳುತ್ತದೆ. ನಾನೊಬ್ಬನೇ ಉಳಿದಿದ್ದೇನೆ, ನನ್ನ ಪ್ರಾಣಕ್ಕೂ ಹೊಂಚು ಹಾಕಿದ್ದಾರೆ ಎಂದು ಎಲೀಯ ಹಿಂದೆ ಹೇಳಿದ ಉತ್ತರವನ್ನೇ ಮತ್ತೆ ಒಪ್ಪಿಸುತ್ತಾನೆ. ದೇವರು ವಾದ ಮಾಡುವುದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗು ಎಂದು ಹೇಳಿ, ಮಾಡಬೇಕಾದ ಮೂರು ಕೆಲಸ ಒಪ್ಪಿಸುತ್ತಾನೆ, ಮೂವರನ್ನು ಅಭಿಷೇಕಿಸು ಎಂದು. ಇನ್ನೂ ಏಳು ಸಾವಿರ ಜನ ನನ್ನವರಿದ್ದಾರೆ, ನೀನೊಬ್ಬನೇ ಅಲ್ಲ ಎಂದೂ ತಿಳಿಸುತ್ತಾನೆ. ಆ ಮೂವರಲ್ಲಿ ಒಬ್ಬನಾದ ಎಲೀಷ ಅವನಿಗೆ ಸಿಕ್ಕಿದ್ದು ಹೊಲದಲ್ಲಿ, ಹನ್ನೆರಡು ಜೋಡಿ ಎತ್ತು ಕಟ್ಟಿ ಉಳುತ್ತಿದ್ದಾಗ.

ಬದುಕಿನ ಉದ್ದೇಶ ಎಂದರೆ ಒಂದು ದಿನ ದೊಡ್ಡ ಬೆಳಕು ಬಿದ್ದು ಎಲ್ಲ ತಿಳಿದುಬಿಡುತ್ತದೆ ಎಂದು ನಾನು ಕಾಯುತ್ತಿದ್ದೆ. ಕೆಲಸ ಬಿಟ್ಟು ದೇವರ ಸೇವೆಗೆ ಹೋಗಬೇಕೇನೋ ಎಂದೂ ಯೋಚಿಸಿದ್ದುಂಟು. ಈ ಅಧ್ಯಾಯ ಓದಿದ ಮೇಲೆ ಒಂದು ಗೊತ್ತಾಯಿತು: ಮೊದಲು ರೊಟ್ಟಿ, ಆಮೇಲೆ ನಿದ್ದೆ, ಆಮೇಲೆ ಮಾತು, ಆಮೇಲೆ ಕೈಗೊಂದು ಕೆಲಸ. ಅದೂ ಬಿಟ್ಟು ಓಡಿಬಂದ ಜಾಗದಲ್ಲೇ.

ನನ್ನ ಜಾಗ ಪೀಣ್ಯ. ಕೆಲವು ತಿಂಗಳ ನಂತರ ಒಂದು ಭಾನುವಾರ ಕಾರ್ಪೊರೇಷನ್ ಹತ್ತಿರದ ಹಡ್ಸನ್ ದೇವಾಲಯಕ್ಕೆ ಆರಾಧನೆಗೆ ಹೋಗಿದ್ದೆ. 1904ರಲ್ಲಿ ಕಟ್ಟಿದ ಕಲ್ಲಿನ ದೇವಾಲಯ, ನಮ್ಮ ಕನ್ನಡ ಸಭೆಯದು. ಈ ಊರಿನಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ಅವರ ಹೆಸರು ಅದಕ್ಕೆ. ಅವತ್ತು ಸತ್ಯವೇದದ ಯಾಜಕಕಾಂಡದ 19ನೇ ಅಧ್ಯಾಯ ಓದಿದರು. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ನಿನ್ನಲ್ಲಿ ಇಟ್ಟುಕೊಳ್ಳಬಾರದು ಎಂಬ ಮಾತು ಅಲ್ಲಿದೆ. ನನಗೆ ಮೈ ಜುಮ್ಮೆಂದಿತು. ಹದಿನೈದು ವರ್ಷದಿಂದ ನಾನು ಮಾಡುತ್ತಿದ್ದ, ಬೇಸರಪಟ್ಟುಕೊಂಡೇ ಮಾಡುತ್ತಿದ್ದ ಕೆಲಸ ದೇವರ ಬಾಯಲ್ಲೇ ಬಂದಿತ್ತು. ಕೂಲಿ ಸರಿಯಾಗಿ, ಹೊತ್ತಿಗೆ ಸರಿಯಾಗಿ ಕೈ ಸೇರುವುದು ಅವನಿಗೆ ಅಷ್ಟು ಮುಖ್ಯ. ನನ್ನ ಮೇಜಿನ ಮೇಲಿರುವುದು ಅದೇ.

ಅದರ ನಂತರ ನಡೆದ ಒಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಟೈಲರ್ ಒಬ್ಬರಿದ್ದರು, ಪಾವಗಡ ಕಡೆಯವರು. ಮಗಳ ನರ್ಸಿಂಗ್ ಫೀಸಿಗೆಂದು ಪಿಎಫ್ ಮುಂಗಡಕ್ಕೆ ಹಾಕಿದ್ದರು, ಎರಡು ಸಲ ತಿರಸ್ಕಾರವಾಗಿತ್ತು. ಆಧಾರ್‌ನಲ್ಲಿ ಹೆಸರಿನ ಜೊತೆ ಗಂಡನ ಹೆಸರು, ಪಿಎಫ್‌ನಲ್ಲಿ ಬರೀ ಇನಿಷಿಯಲ್. ಹುಟ್ಟಿದ ದಿನ ಎರಡರಲ್ಲೂ ಜನವರಿ 1, ವರ್ಷ ಮಾತ್ರ ಬೇರೆ ಬೇರೆ. ಹಳ್ಳಿಯಿಂದ ಬಂದ ನಮ್ಮ ಹೆಂಗಸರಲ್ಲಿ ಜನವರಿ 1ಕ್ಕೆ ಹುಟ್ಟಿದವರು ಎಷ್ಟು ಜನ ಎಂದು ಈ ಕೆಲಸದಲ್ಲಿರುವವರಿಗೇ ಗೊತ್ತು. ಮೊದಲಾಗಿದ್ದರೆ, ಸೈಬರ್ ಸೆಂಟರಿಗೆ ಹೋಗಿ ಸರಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸುತ್ತಿದ್ದೆ. ಅವತ್ತು ಕೂರಿಸಿಕೊಂಡೆ. ಶಾಲೆಯ ಟಿಸಿ ಎಲ್ಲಿದೆ ಎಂದು ಕೇಳಿದೆ. ಊರಿನ ಟ್ರಂಕಿನಲ್ಲಿದೆ ಎಂದರು. ಭಾನುವಾರ ಹೋಗಿ ತಂದರು, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು. ಮೇಜಿನ ಮೇಲೆ ಅದನ್ನು ಜೋಡಿಸಿ, ಸ್ಕ್ಯಾನ್ ಮಾಡಿ, ಪಿಎಫ್ ವಿವರ ತಿದ್ದಿಸುವ ಜಾಯಿಂಟ್ ಡಿಕ್ಲರೇಷನ್ ಅರ್ಜಿ ತುಂಬಿ, ಸಾಹೇಬರ ಸಹಿ ಹಾಕಿಸಿ ಕಳಿಸಿದೆ. ತಿಂಗಳು ಹಿಡಿಯಿತು. ದುಡ್ಡು ಬಂದ ದಿನ ಆಕೆ ಬಂದು ನಿಂತು, "ಮೇಡಂ, ನಮ್ಮ ಲೈನ್‌ನಲ್ಲಿ ಇನ್ನೂ ನಾಲ್ಕು ಜನಕ್ಕೆ ಹಿಂಗೇ ಆಗೈತೆ" ಎಂದರು.

ಆ ದುಡ್ಡು ಈ ಹೆಣ್ಣುಮಕ್ಕಳಿಗೆ ಏನೆಂಬುದು ಬೆಂಗಳೂರಿನವರಿಗೆ ಮರೆತಿರಲಾರದು. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದಿದ್ದರು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ವಾಪಸ್ ತೆಗೆದುಕೊಂಡಿತು. ಮಗಳ ಓದು, ಮದುವೆ, ಊರಲ್ಲೊಂದು ಸೂರು, ಎಲ್ಲವೂ ಆ ಖಾತೆಯಲ್ಲಿರುತ್ತದೆ. ಅದನ್ನು ಕಾಯುವ ಕುರ್ಚಿಯಲ್ಲಿ ದೇವರು ನನ್ನನ್ನು ಕೂರಿಸಿದ್ದಾನೆ ಎಂದು ಈಗ ನಾನು ಪೂರ್ತಿಯಾಗಿ ನಂಬುತ್ತೇನೆ. ಅಪೊಸ್ತಲ ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುತ್ತಾ ದುಡಿದವನೇ. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿರುವ ಕಿಟ್ಟೆಲ್ ಸುವಾರ್ತೆ ಸಾರಲು ಬಂದವರು, ವರ್ಷಗಟ್ಟಲೆ ಕನ್ನಡದ ಒಂದೊಂದೇ ಪದ ಹೆಕ್ಕಿ, 1894ರಲ್ಲಿ ನಿಘಂಟು ಕೊಟ್ಟರು. ಆ ದಿನಗಳಲ್ಲಿ ಅವರಿಗೂ ಬೇಸರದ ಮಧ್ಯಾಹ್ನಗಳು ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ಚಿಂತೆಯ ಮಾತು. ಅದು ಹೋಗಿಲ್ಲ. ಸಾಲ ಇನ್ನೂ ಇದೆ. ಮನೆಯವರು ಈಗ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲಿದ್ದಾರೆ, ಸಂಬಳ ಮೊದಲಿಗಿಂತ ಕಡಿಮೆ. ಮೂರು ಗಂಟೆಗೆ ಎಚ್ಚರವಾಗುವುದು ಈಗಲೂ ಉಂಟು. ಆಗ ಕರ್ತನ ಪ್ರಾರ್ಥನೆ ಹೇಳುತ್ತೇನೆ, "ಅನುದಿನದ ಆಹಾರ" ಬಂದ ಕಡೆ ನಿಲ್ಲಿಸುತ್ತೇನೆ. ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಅಲ್ಲಿ "ಈ ಹೊತ್ತು" ಎಂಬ ಮಾತಿದೆ. ಈ ಹೊತ್ತಿಗೆ ಕೇಳು ಎಂದಿದ್ದಾನೆ, ಹತ್ತು ವರ್ಷದ್ದನ್ನು ಒಟ್ಟಿಗೆ ಕೇಳು ಎಂದಿಲ್ಲ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದಾಗಲೂ ಹಾಗೇ, ದಿನದ್ದು ದಿನಕ್ಕೆ. ನಾಳೆಗೆಂದು ಕೂಡಿಟ್ಟದ್ದಕ್ಕೆ ಹುಳು ಬಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ದಿನದ ಮುಂಚೆ ಮಾತ್ರ ಎರಡು ದಿನದ್ದು ಸಿಗುತ್ತಿತ್ತು, ಅದೂ ವಿಶ್ರಾಂತಿಗಾಗಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ: ಭಾನುವಾರ ಆಫೀಸಿನ ವಾಟ್ಸಾಪ್ ಗುಂಪು ತೆರೆಯುವುದಿಲ್ಲ. ಮೊದಮೊದಲು ಮ್ಯಾನೇಜರ್ ಮುಖ ಗಂಟಿಕ್ಕಿದರು, ಈಗ ರೂಢಿಯಾಗಿದೆ. ನಿಮ್ಮ ಕೆಲಸದಲ್ಲಿ ಅದು ಕಷ್ಟ ಇರಬಹುದು, ಅರ್ಧ ದಿನವಾದರೂ ಕೇಳಿ ನೋಡಿ.

ನೀವು "ಯಾತಕ್ಕೆ ಬದುಕಬೇಕು" ಎಂದು ಬರೆದಿದ್ದೀರಿ. ಅದು ಆಯಾಸದ ಮಾತಾಗಿದ್ದರೆ ಸರಿ. ಅದಕ್ಕಿಂತ ಹೆಚ್ಚಿನದಾಗಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಆಸ್ಪತ್ರೆ ಇರುವ ಊರಿನಲ್ಲಿದ್ದೇವೆ, ಅಲ್ಲಿಗೆ ಹೋಗುವುದಕ್ಕೆ ನಾಚಿಕೆ ಬೇಡ. ಎಲೀಯನಿಗೆ ರೊಟ್ಟಿ ಕಳಿಸಿದವನೇ ನನಗೆ ಆ ವೈದ್ಯರನ್ನೂ ಕಳಿಸಿದ.

ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಇವತ್ತು ಹೊಟ್ಟೆ ತುಂಬ ಉಂಡು, ಫೋನು ಹೊರಗಿನ ಕೋಣೆಯಲ್ಲಿಟ್ಟು ಮಲಗಿ. ಅಪ್ಪನಿಗೆ ಫೋನ್ ಮಾಡಿದಾಗ ಔಷಧಿ ಲೆಕ್ಕ ಬಿಟ್ಟು ಬೇರೇನಾದರೂ ಮಾತಾಡಿ. ಬರುವ ಭಾನುವಾರ ಆಶೀರ್ವಾದ ಮುಗಿದ ಕೂಡಲೇ ಬೈಕ್ ಹತ್ತಿ ಹೊರಡಬೇಡಿ. ಹತ್ತು ನಿಮಿಷ ನಿಂತು ನೋಡಿ, ನಿಮ್ಮ ಸಭೆಯಲ್ಲೂ ಕಂಬದ ಪಕ್ಕದ ಬೆಂಚಿನಲ್ಲಿ ಒಬ್ಬರೇ ಬಂದು ಒಬ್ಬರೇ ಹೋಗುವ ಅಜ್ಜಿಯೋ ತಾತನೋ ಇದ್ದೇ ಇರುತ್ತಾರೆ. ಅವರ ಬಸ್ ನಂಬರ್ ಯಾವುದು ಎಂದು ಕೇಳಿ, ಸ್ಟಾಪಿನ ತನಕ ಜೊತೆಗೆ ನಡೆದು ಹೋಗಿ.