ಅಂಗಡಿಯಿಂದ ತಂದ ಕೋಳಿಯನ್ನು ತೊಳೆದು ಕಾಚಂಪುಳಿ (ಕೊಡಗಿನ ಅಡುಗೆಯಲ್ಲಿ ಬಳಸುವ ಕಪ್ಪು ಹುಳಿರಸ) ಹಚ್ಚಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆಯೇ?

ಇಲ್ಲ. ಅರಿಶಿನ, ಉಪ್ಪು ಹಾಕಿ ನಾಲ್ಕು ಸಲ ತೊಳೆದರೂ, ಕಾಚಂಪುಳಿ ಹಚ್ಚಿದರೂ ಪೂರ್ತಿ ಹೋಗುವುದಿಲ್ಲ. ಅಡುಗೆಮನೆಯಲ್ಲಿ ನಂಬಬಹುದಾದದ್ದು ಬಿಸಿ ಮಾತ್ರ: ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಕಾರಣ ಹೀಗಿದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲೂ ಇರುತ್ತವೆ. ಕೊಯ್ದ ಕೋಳಿಯನ್ನು ಬಿಸಿನೀರಿಗೆ ಅದ್ದಿ, ಪುಕ್ಕ ಕೀಳುವ ಡ್ರಮ್ಮಿಗೆ ಹಾಕಿದಾಗ ಹಿಕ್ಕೆ ಚರ್ಮಕ್ಕೆಲ್ಲ ಮೆತ್ತಿಕೊಂಡು, ಪುಕ್ಕ ಕಿತ್ತ ಸಣ್ಣ ರಂಧ್ರಗಳಿಗೂ ಸೇರುತ್ತದೆ. ಕರುಳು ತೆಗೆಯುವಾಗ ಹರಿದರಂತೂ ಇನ್ನೂ ಹೆಚ್ಚು. ಅದೇ ಡ್ರಮ್, ಅದೇ ಕತ್ತಿ, ಅದೇ ಮರದ ದಿಮ್ಮಿ ಮುಂದಿನ ಕೋಳಿಗೂ ದಾಟಿಸುತ್ತವೆ. ನೀರು ಆ ರಂಧ್ರಗಳ ಒಳಗನ್ನು ತೊಳೆಯಲಾರದು. ಹುಳಿ ಮೇಲ್ಮೈಯಲ್ಲಿ ಸ್ವಲ್ಪ ಕಡಿಮೆ ಮಾಡೀತು, ಅಷ್ಟೆ.

ನನಗೆ ಹೆಚ್ಚು ಆತಂಕವಾಗುವುದು ತೊಳೆಯುವ ಬಗ್ಗೆಯೇ. ನಲ್ಲಿ ಕೆಳಗೆ ಹಿಡಿದರೆ ಹನಿ ಸಿಡಿದು ಪಕ್ಕದಲ್ಲಿರುವ ಹೆಚ್ಚಿದ ಸೌತೆಕಾಯಿಗೋ, ಬೇಯಿಸಿಟ್ಟ ಕಡಂಬುಟ್ಟಿಗೋ (ಅಕ್ಕಿತರಿಯ ಉಂಡೆಗೋ) ಬೀಳುತ್ತದೆ. ಕೋಳಿ ಬೇಯುತ್ತದೆ, ಅವನ್ನು ಯಾರೂ ಮತ್ತೆ ಬೇಯಿಸುವುದಿಲ್ಲ. ಆದ್ದರಿಂದ ತೊಳೆಯದೆ ನೇರ ಪಾತ್ರೆಗೆ ಹಾಕಿ. ಕತ್ತಿ, ಹಲಗೆ, ಕೈಯನ್ನು ಸೋಪು ಹಾಕಿ ತೊಳೆಯಿರಿ.

ಮಡಿಕೇರಿಯ ಚಳಿಯನ್ನು ಫ್ರಿಜ್ ಎಂದುಕೊಳ್ಳಬೇಡಿ. ಸಾಲ್ಮೊನೆಲ್ಲಾ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುವುದು 5 ಡಿಗ್ರಿಗಿಂತ ಕೆಳಗೆ. ಇಲ್ಲಿನ ಮಳೆಗಾಲದ ಹಗಲು ಅಷ್ಟು ತಣ್ಣಗಿರುವುದಿಲ್ಲ. ಕೆಂಡದ ಮೇಲೆ ಸುಡುವಾಗ ಹೊರಗೆ ಕಪ್ಪಾದರೂ ಮೂಳೆಯ ಬಳಿ ಹಸಿ ಉಳಿದಿರಬಹುದು, ದಪ್ಪ ತುಂಡುಗಳನ್ನು ಸೀಳಿ ನೋಡಿ.