ಕಿವೀಲಿ ಬುಸ್ ಬುಸ್ ಸದ್ದು, ಎಂಬೊಲೈಸೇಷನ್ ಮಾಡಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಮಾಲೂರು ತಾಲ್ಲೂಕು. ಅಮ್ಮಂಗೆ 57 ವರ್ಷ, ನಾಡಿ ಬಡಿದಂಗೆಲ್ಲ ಬಲಗಿವೀಲಿ ಬುಸ್ ಬುಸ್ ಅನ್ನುತ್ತೆ, ರಾತ್ರಿ ಮಲಗಿದ್ರೆ ಜಾಸ್ತಿ. ಕೋಲಾರದಲ್ಲಿ ಇಎನ್‌ಟಿ ಡಾಕ್ಟ್ರು ಕಿವಿ ಚೆನ್ನಾಗಿದೆ ಅಂದು ಎಂಆರ್‌ಐ ಬರ್ಕೊಟ್ರು, ಅದ್ರಲ್ಲಿ ಡ್ಯೂರಲ್ ಎವಿ ಫಿಸ್ಟುಲಾ ಅಂತ ಬಂತು. ಬೆಂಗಳೂರಲ್ಲಿ ಎಂಬೊಲೈಸೇಷನ್ ಮಾಡಿಸಿ ಅಂತಿದಾರೆ. ಮೆದುಳಿಗೆ ಗಮ್ ಹಾಕ್ತಾರಂತಲ್ಲ, ಮನೇಲಿ ಎಲ್ರೂ ಹೆದರಿದೀವಿ. ಮಾತ್ರೇಲಿ ವಾಸಿ ಆಗಲ್ವಾ?

ಉತ್ತರ: ಮಾತ್ರೇಲಿ ಇದು ಮುಚ್ಕೊಳ್ಳಲ್ಲ. ಹಂಗಂತ ಎಲ್ರಿಗೂ ಎಂಬೊಲೈಸೇಷನ್, ಅಂದ್ರೆ ರಕ್ತನಾಳದ ಒಳಗಿಂದ್ಲೇ ಹೋಗಿ ಅದನ್ನ ಮುಚ್ಚೋದು, ಬೇಕೇ ಬೇಕು ಅಂತಾನೂ ಇಲ್ಲ.

ಡ್ಯೂರಲ್ ಎವಿ ಫಿಸ್ಟುಲಾ ಅಂದ್ರೆ ಇಷ್ಟೇ: ಮೆದುಳಿನ ಮೇಲೆ ಡ್ಯೂರಾ ಅಂತ ಗಟ್ಟಿ ಪೊರೆ ಇದೆ, ಅದ್ರ ಅಪಧಮನಿಗಳು ಮಧ್ಯೆ ಪ್ರೆಶರ್ ಇಳಿಸೋ ಸಣ್ಣ ನಾಳಗಳೇ ಇಲ್ದೆ ಸೀದಾ ಅಭಿಧಮನಿಗೆ ಸೇರ್ಕೊಂಡಿವೆ, ಬೋರ್‌ವೆಲ್ ಪೈಪನ್ನ ನೇರ ಡ್ರಿಪ್ ಲೈನಿಗೆ ಕೊಟ್ಟಂಗೆ. ಅಮ್ಮಂಗೆ ಕೇಳಿಸ್ತಿರೋದು ಅದ್ರ ಸದ್ದೇ.

ನೀವು ಡಾಕ್ಟ್ರನ್ನ ಕೇಳ್ಬೇಕಾದ್ದು ಒಂದೇ: ರಕ್ತ ಮೆದುಳಿನ ಮೇಲ್ಪದರದ ಅಭಿಧಮನಿಗಳಿಗೆ ಹಿಂದಕ್ಕೆ ನುಗ್ತಾ ಇದೆಯಾ? ಡಿಎಸ್‌ಎ ಆಂಜಿಯೋಗ್ರಾಂ (ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಲಿ ನೋಡೋದು) ಮಾಡಿದ್ರೇನೇ ಇದು ಖಚಿತವಾಗಿ ಗೊತ್ತಾಗೋದು, ಎಂಆರ್‌ಐ ಒಂದೇ ಸಾಲಲ್ಲ. ನುಗ್ತಿದ್ರೆ ರಕ್ತಸ್ರಾವದ ಅಪಾಯ ಇರುತ್ತೆ, ಆಗ ಮುಂದೂಡಬೇಡಿ. ಇಲ್ದಿದ್ರೆ, ಸದ್ದು ತಡ್ಕೊಳ್ಳೋ ಹಂಗಿದ್ರೆ, ಆಗಾಗ ಸ್ಕ್ಯಾನ್ ಮಾಡಿಸ್ತಾ ನೋಡ್ಬೋದು. ನಿದ್ದೇನೇ ಬರ್ತಿಲ್ಲ ಅಂದ್ರೆ ಅದೂ ಟ್ರೀಟ್ಮೆಂಟಿಗೆ ಕಾರಣಾನೇ.

ಗಮ್ ಹೋಗೋದು ರಕ್ತನಾಳದೊಳಗೆ, ತಲೆಬುರುಡೆ ತೆರೆಯಲ್ಲ. ಅನಸ್ತೇಶಿಯಾ ಕೊಟ್ಟು ತೊಡೆಸಂದಿಯಿಂದಲೋ ಮಣಿಕಟ್ಟಿಂದಲೋ ತುಂಬಾ ಸಣ್ಣ ಕೊಳವೆ (ಕ್ಯಾತೆಟರ್) ಕಳಿಸಿ, ಓನಿಕ್ಸ್ ಅನ್ನೋ ದ್ರವಾನ ನಿಧಾನಕ್ಕೆ ಬಿಡ್ತಾರೆ, ಅದ್ರಲ್ಲಿ ಟ್ಯಾಂಟಲಮ್ ಪುಡಿ ಇರೋದ್ರಿಂದ ಎಕ್ಸ್‌ರೇ ಪರದೆ ಮೇಲೆ ಕಪ್ಪಗೆ ಹರಿಯೋದು ಕಾಣ್ಸುತ್ತೆ. ಅದು ಅಭಿಧಮನಿ ಶುರುವಾಗೋ ಜಾಗದವರೆಗೂ ಮುಟ್ಬೇಕು, ಬರೀ ಅಪಧಮನಿ ಮುಚ್ಚಿದ್ರೆ ಅಕ್ಕಪಕ್ಕದ ನಾಳಗಳು ದಾರಿ ಮಾಡ್ಕೊಂಡು ಮತ್ತೆ ಶುರುವಾಗುತ್ತೆ, ಅದಕ್ಕೇ ಕೆಲವ್ರಿಗೆ ಎರಡನೇ ಸಲ ಬೇಕಾಗುತ್ತೆ. ಕೆಲವ್ರಿಗೆ ಅಭಿಧಮನಿ ಕಡೆಯಿಂದ ಹೋಗಿ ಕಾಯಿಲ್ (ಸುರುಳಿ ಸುತ್ತಿದ ಸಣ್ಣ ಲೋಹದ ತಂತಿ) ಇಡ್ತಾರೆ. ಆಮೇಲೆ ಒಂದೆರಡು ದಿನ ಅಮ್ಮನ ಉಸಿರು ಬೆಳ್ಳುಳ್ಳಿ ವಾಸನೆ ಹೊಡೀಬೋದು, ಓನಿಕ್ಸ್ ಕರಗಿಸಿರೋ ದ್ರಾವಣದ್ದು ಅದು, ಗಾಬರಿ ಬೇಡ.

ರಿಸ್ಕ್ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ಸ್ಟ್ರೋಕ್, ಮುಖದ ನರಕ್ಕೆ ಏಟು, ದೃಷ್ಟಿ ತೊಂದರೆ ಅಪರೂಪಕ್ಕೆ ಆಗುತ್ತೆ. ಅದಕ್ಕೇ ನಿಮ್ಹಾನ್ಸ್ ಥರ ಈ ಕೆಲಸ ದಿನಾ ಮಾಡೋ ನ್ಯೂರೋ ಇಂಟರ್ವೆನ್ಷನ್ ತಂಡ ಇರೋ ಕಡೆ ಹೋಗಿ. ಶುಗರ್, ಕಿಡ್ನಿ, ರಕ್ತ ತೆಳು ಮಾಡೋ ಮಾತ್ರೆ ಎಲ್ಲಾ ಮೊದ್ಲೇ ಹೇಳಿ.

ಇನ್ನೊಂದು, ಸದ್ದು ತಾನಾಗೇ ನಿಂತ್ರೆ ವಾಸಿ ಆಯ್ತು ಅಂತ ಸುಮ್ನಾಗ್ಬೇಡಿ, ರಕ್ತ ದಾರಿ ಬದಲಿಸಿರ್ಬೋದು, ಮತ್ತೆ ತೋರಿಸಿ. ದಿಢೀರ್ ಜೋರು ತಲೆನೋವು, ವಾಂತಿ, ಕೈಕಾಲು ಸೋಲು ಬಂದ್ರೆ ಅಪಾಯಿಂಟ್ಮೆಂಟ್ ಕಾಯದೆ 108ಕ್ಕೆ ಫೋನ್ ಮಾಡಿ.